ಹೆಸರು ಹೇಳಿ ಸಾಧನೆ ಊಹಿಸುವ ಆಟಕ್ಕೆ ಎಂಥವರನ್ನು ಆರಿಸಬೇಕು?

ಕೆಲಸ ಎಲ್ಲರಿಗೂ ಗೊತ್ತು, ಹೆಸರು ಮಾತ್ರ ಗೊತ್ತಿಲ್ಲ: ಅಂಥವರನ್ನು ಆರಿಸಿ. ಉತ್ತರ ಕೇಳಿದ ಕೂಡಲೇ "ಓಹ್, ಇದು ಇವರದ್ದಾ!" ಅನ್ನಿಸಬೇಕು. ಎರಡೂ ಗೊತ್ತಿಲ್ಲದಿದ್ದರೆ ಅದು ಆಟವಲ್ಲ, ಸುಮ್ನೆ ಪಾಠ.

ನನ್ನ ಮೆಚ್ಚಿನ ಹೆಸರು ನಿಲ್ಸ್ ಬೋಲಿನ್. ಸ್ವೀಡನ್ನಿನ ಎಂಜಿನಿಯರ್. ಮೊದಲು ಯುದ್ಧವಿಮಾನದಿಂದ ಪೈಲಟ್‌ನನ್ನು ಹೊರಗೆ ಚಿಮ್ಮಿಸುವ ಸೀಟಿನ ಮೇಲೆ ಕೆಲಸ ಮಾಡುತ್ತಿದ್ದರು. ಆಮೇಲೆ ವೋಲ್ವೋ ಸೇರಿ, ಜನರನ್ನು ಸೀಟಿನಲ್ಲೇ ಹಿಡಿದಿಡುವ ಸೀಟ್ ಬೆಲ್ಟ್ ಮಾಡಿದರು. ಹೆಗಲು ಮತ್ತು ಸೊಂಟ ಎರಡನ್ನೂ ಹಿಡಿದಿಡುವ ಈಗಿನ ಬೆಲ್ಟ್ 1959ರಲ್ಲಿ ಕಾರಿಗೆ ಬಂತು. ಈ ವಿಚಿತ್ರ ತಿರುವೇ ಒಳ್ಳೆಯ ಸುಳಿವು, ಅಲ್ವಾ?

ಆಯ್ಕೆಗಳನ್ನು ಕೊಡುವುದಾದರೆ ತಪ್ಪು ಉತ್ತರವೂ ನಂಬುವಂತಿರಲಿ. ಆಲ್‌ಫ್ರೆಡ್ ವೆಗೆನರ್ ಹವಾಮಾನ ವಿಜ್ಞಾನಿ. ಆದರೆ ಹೆಸರಾದದ್ದು ಖಂಡಗಳು ಸರಿಯುತ್ತವೆ ಎಂದು 1912ರಲ್ಲಿ ಹೇಳಿದ್ದಕ್ಕೆ. "ಹವಾಮಾನ" ಎಂದು ಒಂದು ಆಯ್ಕೆ ಇಟ್ಟರೆ ಸ್ವಲ್ಪ ತಿಳಿದವರೇ ಜಾಸ್ತಿ ಬೀಳುತ್ತಾರೆ. ಕಾರಿನ ವೈಪರ್‌ಗೆ 1903ರಲ್ಲಿ ಪೇಟೆಂಟ್ ಪಡೆದ ಮೇರಿ ಆಂಡರ್ಸನ್ ಕೂಡ ಚೆನ್ನಾಗಿ ಹೊಂದುತ್ತಾರೆ.

ಒಂದು ಎಚ್ಚರ. ಹಾಲಿವುಡ್ ನಟಿ ಹೆಡಿ ಲಮಾರ್ ವೈ-ಫೈ ಕಂಡುಹಿಡಿದರು ಎಂದು ಬರೆಯಬೇಡಿ. ಸಂಗೀತಗಾರ ಜಾರ್ಜ್ ಆಂಥೈಲ್ ಜೊತೆ 1942ರಲ್ಲಿ ಅವರು ಪಡೆದದ್ದು, ಶತ್ರುಗಳು ತಡೆಯಲಾಗದಂತೆ ರೇಡಿಯೊ ತರಂಗಾಂತರ ಬದಲಿಸುತ್ತಾ ಟಾರ್ಪೆಡೊ (ನೀರೊಳಗೆ ಸಾಗಿ ಹಡಗನ್ನು ಹೊಡೆಯುವ ಅಸ್ತ್ರ) ನಡೆಸುವ ಉಪಾಯದ ಪೇಟೆಂಟ್. ಅಷ್ಟೇ ಹೇಳಿದರೂ ಯಾರೂ ಊಹಿಸುವುದಿಲ್ಲ.