'ಒಂದೇ ಹೆಸರು, ಮೂರು ತಾರೆಗಳು' ಕಳಿಸಿದವರಿಗೆ

ನಮಸ್ಕಾರ. ಗಾಯಕಿ ಎಸ್. ಜಾನಕಿ, ನಟಿ ಸೌಕಾರ್ ಜಾನಕಿ, ನಟಿಯಾಗಿದ್ದು ರಾಜಕೀಯಕ್ಕೂ ಬಂದ ವಿ.ಎನ್. ಜಾನಕಿ, ಈ ಮೂವರ ಮೇಲೆ ನೀವು ಬರೆದ ಲೇಖನ ಓದ್ದೆ. ಯೋಚನೆ ಚೆನ್ನಾಗಿದೆ, ಕಾಗುಣಿತ ತಪ್ಪಿಲ್ಲ, ಸಂತೋಷ. ಆದ್ರೆ ಎರಡು ವಿಷಯಕ್ಕೆ ನಂಗೆ ನಿಜವಾಗ್ಲೂ ಸಿಟ್ಟು ಬಂತು, ಅದನ್ನ ನೇರವಾಗಿ ಹೇಳ್ಬಿಡ್ತೀನಿ.

ಎರಡನೇ ಪ್ಯಾರಾ ಶುರುವಾಗೋದೇ 'ಜಾನಕಿ ಎಂಬ ಹೆಸರಿನಲ್ಲೇ ಒಂದು ಮಾಂತ್ರಿಕ ಶಕ್ತಿಯಿದೆ' ಅಂತ. ಇಲ್ಲ ರೀ. ಆ ಕಾಲದಲ್ಲಿ ಬೀದಿಗೊಬ್ಬ ಜಾನಕಿ ಇದ್ಳು, ಅವರೆಲ್ಲ ಹಾಡ್ಲೂ ಇಲ್ಲ, ನಟಿಸ್ಲೂ ಇಲ್ಲ. ಆ ಹೆಸರು ಎಷ್ಟು ಸಾಮಾನ್ಯ ಅಂದ್ರೆ ಮೂವರೂ ಅದರ ಮುಂದೆ ಇನ್ನೇನೋ ಒಂದು ಇಟ್ಕೊಳ್ಳಲೇಬೇಕಾಯ್ತು. ಎಸ್. ಜಾನಕಿಗೆ ಮನೆತನದ ಸಿಷ್ಟ್ಲಾ, ವಿ.ಎನ್. ಜಾನಕಿಗೆ ವೈಕಂ ಊರು ಮತ್ತೆ ತಾಯಿ ನಾರಾಯಣಿ ಹೆಸರು, ಸೌಕಾರ್ ಜಾನಕಿಗೆ 1950ರಲ್ಲಿ ಬಂದ ಮೊದಲನೇ ತೆಲುಗು ಸಿನಿಮಾ 'ಷಾವುಕಾರು' ಹೆಸರೇ ಗಟ್ಟಿಯಾಗಿ ಅಂಟ್ಕೊಂಡ್ತು. ನಿಮ್ಮ ಲೇಖನದಲ್ಲಿ ಇದರ ಸುದ್ದಿನೇ ಇಲ್ಲ.

ಮುಂದಿನ ಸಾಲು, 'ಜಾನಕಿಯ ಕಂಠ ಜಾನಕಿಯ ಮುಖಕ್ಕೆ ಜೀವ ತುಂಬಿತು.' ಯಾವ ಹಾಡಲ್ಲಿ? ಒಂದು ಹಾಡಿನ ಹೆಸರೂ ಕೊಟ್ಟಿಲ್ಲ. ಸೌಕಾರ್ ಜಾನಕಿ ಅಂದ ತಕ್ಷಣ ಜನಕ್ಕೆ ನೆನಪಾಗೋದು 1964ರ ತಮಿಳು ಸಿನಿಮಾ 'ಪುದಿಯ ಪರವೈ'ಯ 'ಪಾರ್ತ ಞಾಪಗಂ ಇಲ್ಲೈಯೋ', ಅದನ್ನ ಹಾಡಿದ್ದು ಪಿ. ಸುಶೀಲಾ. ವಾಕ್ಯ ಕೇಳೋಕೆ ಚಂದ ಅಂತ ಬರ್ದಿದೀರಿ ಅನ್ಸುತ್ತೆ, ಹಾಗೆ ಬರೀಬಾರ್ದು.

ಇನ್ನು 'ಗಾನಕೋಗಿಲೆ ಜಾನಕಿ ತಮ್ಮ ಮಧುರ ಕಂಠದಿಂದ ಕೋಟ್ಯಂತರ ಹೃದಯ ಗೆದ್ದರು.' ಇಲ್ಲಿ ಜಾನಕಿ ತೆಗೆದು ಸುಶೀಲಾ ಅಂತ ಹಾಕಿ, ವಾಣಿ ಜಯರಾಂ ಅಂತ ಹಾಕಿ, ವಾಕ್ಯ ಹಾಗೇ ನಿಲ್ಲುತ್ತೆ. ಅಂದ್ರೆ ಅದು ಜಾನಕಿ ಬಗ್ಗೆ ಬರೆದ ವಾಕ್ಯನೇ ಅಲ್ಲ. ನಾನು ಪತ್ರಿಕೆಯ ಡೆಸ್ಕಿಗೆ ಹೊಸದಾಗಿ ಸೇರ್ದಾಗ ಅಲ್ಲಿ ಒಬ್ಬ ಹಿರಿಯರಿದ್ರು, ಸಿನಿಮಾ ಪುಟ ಅವರದ್ದೇ. 'ಗಾನಕೋಗಿಲೆ' ಅನ್ನೋ ಪದ ಕಂಡ್ರೆ ಕೆಂಪು ಪೆನ್ನಲ್ಲಿ ಹೊಡೆದು ಪಕ್ಕದಲ್ಲಿ 'ಯಾವ ಹಾಡು? ಯಾವ ಸಾಲು?' ಅಂತ ಬರೀತಿದ್ರು, ಎಷ್ಟು ದೊಡ್ಡ ಲೇಖಕರದ್ದಾದ್ರೂ ಬಿಡ್ತಿರ್ಲಿಲ್ಲ. ನಮ್ಮಂಥ ಹುಡುಗರ ಕೈಲಿ ಕ್ಯಾಸೆಟ್ ಕೊಟ್ಟು, ಕೇಳಿ ಬಂದು ಆಮೇಲೆ ಫೋಟೋ ಕೆಳಗಿನ ಒಂದು ಸಾಲು ಬರಿ ಅನ್ನೋರು. ಆ ಒಂದು ಸಾಲಿಗೆ ಸಂಜೆಯೆಲ್ಲ ಹೋಗ್ತಿತ್ತು, ಆದ್ರೆ ಕಿವಿ ತೆರೆದಿದ್ದು ಆಗ್ಲೇ. ಸಂಗೀತದ ಬಗ್ಗೆ ಬರೆಯೋದನ್ನ ನಂಗೆ ಕಲಿಸಿದ್ದು ಅವರೇ, ಇವತ್ತಿಗೂ ಆ ಋಣ ಇದೆ.

ನೀವೂ ಹಾಗೇ ಮಾಡಿ. 1962ರ ತಮಿಳು ಸಿನಿಮಾ 'ಕೊಂಜುಂ ಸಲಂಗೈ'ಯ 'ಸಿಂಗಾರವೇಲನೇ ದೇವಾ' ಹಾಕ್ಕೊಂಡು ಕೂತ್ಕೊಳ್ಳಿ, ಕಾರುಕುರಿಚ್ಚಿ ಅರುಣಾಚಲಂ ಅವರ ನಾಗಸ್ವರಕ್ಕೆ ಎಸ್. ಜಾನಕಿ ದನಿ ಸ್ವರಕ್ಕೆ ಸ್ವರ ಜವಾಬು ಕೊಡುತ್ತೆ, ಗಾಳಿವಾದ್ಯದ ಎದುರು ಮನುಷ್ಯರ ಗಂಟಲು ಒಂದಿಷ್ಟೂ ಹಿಂದೆ ಬೀಳಲ್ಲ. ಆಮೇಲೆ 'ಗೆಜ್ಜೆಪೂಜೆ'ಯ 'ಗಗನವು ಎಲ್ಲೋ ಭೂಮಿಯು ಎಲ್ಲೋ' ಕೇಳಿ, ಅದೇ ಗಂಟಲು ಅಲ್ಲಿ ಕಲ್ಪನಾ ಆಗ್ಬಿಟ್ಟಿದೆ. ಈ ಎರಡು ಹಾಡಿನ ನಡುವೆ ಆಕೆ ದನಿಯಲ್ಲಿ ಏನು ಬದಲಾಯಿಸಿದ್ರು ಅಂತ ನೀವು ಕೇಳಿದ್ದನ್ನ ಬರೀರಿ, ಅದು ಬೇಕು ನಂಗೆ. 2013ರಲ್ಲಿ ಪದ್ಮಭೂಷಣ ಬಂದಾಗ ತುಂಬಾ ತಡವಾಯ್ತು ಅಂತ ಬೇಡ ಅಂದ ಹೆಂಗಸು ರೀ ಆಕೆ, ಕೋಗಿಲೆ ಅಂದು ಮುಗಿಸಿಬಿಡೋದಾ?

ಎರಡನೇ ಸಿಟ್ಟು, ಯಾರು ಯಾರು ಅಂತ ಗೊತ್ತೇ ಆಗಲ್ಲ. ಐದನೇ ಪ್ಯಾರಾದಲ್ಲಿ 1969ರ ತಮಿಳು ಸಿನಿಮಾ 'ಇರು ಕೋಡುಗಳ್' ಬರುತ್ತೆ, ಸೌಕಾರ್ ಜಾನಕಿ ಕಲೆಕ್ಟರ್ ಪಾತ್ರ, ಎದುರಿಗೆ ನಮ್ಮ ಜಯಂತಿ, ಅಲ್ಲೀವರೆಗೆ ಸರಿ. ಅದರ ಬೆನ್ನಿಗೇ 'ಮುಂದೆ ಜಾನಕಿ ಮುಖ್ಯಮಂತ್ರಿಯೂ ಆದರು' ಅಂತ ಇದೆ. ಓದೋರು ಏನು ತಿಳ್ಕೋಬೇಕು? ಮುಖ್ಯಮಂತ್ರಿ ಆಗಿದ್ದು ವಿ.ಎನ್. ಜಾನಕಿ, ಅವರ ಗಂಡ, ಆಗಿನ ಮುಖ್ಯಮಂತ್ರಿ ಎಂ.ಜಿ.ಆರ್ ತೀರಿಕೊಂಡ ಮೇಲೆ, 1988ರ ಜನವರಿಯಲ್ಲಿ, ಅದೂ 24 ದಿನ. ತಮಿಳುನಾಡಿನ ಮೊದಲ ಮಹಿಳಾ ಮುಖ್ಯಮಂತ್ರಿ ಅವರು, ಆ ಗೌರವ ಇನ್ನೊಬ್ಬರ ಲೆಕ್ಕಕ್ಕೆ ಹೋಗ್ಬಾರ್ದು. ಪ್ರತಿ ಸಲ ಪೂರ್ತಿ ಹೆಸರು ಬರೀರಿ, ಓದೋಕೆ ಭಾರ ಆದ್ರೂ ಪರವಾಗಿಲ್ಲ.

ಹೆಸರಿನ ಬಗ್ಗೆನೇ ಬರೀಬೇಕು ಅನ್ನೋ ಆಸೆ ಇದ್ರೆ ನಾಲ್ಕನೆಯವರು ಒಬ್ಬರಿದ್ದಾರೆ, ಅಲಹಾಬಾದಿನ ಜಾನಕಿಬಾಯಿ. ಗ್ರಾಮಫೋನಿನ ಶುರುವಿನ ಕಾಲದವರು, ಹಾಡು ಮುಗಿದ ತಕ್ಷಣ ತಮ್ಮ ಹೆಸರು ತಾವೇ ಹೇಳೋರು. ಆಗಿನ ಧ್ವನಿಮುದ್ರಿಕೆಗಳು ಅಚ್ಚಾಗೋಕೆ ಜರ್ಮನಿಯ ಹ್ಯಾನೋವರಿಗೆ ಹೋಗ್ತಿದ್ವು, ಇದು ಯಾರ ಹಾಡು ಅಂತ ಅಲ್ಲಿನ ಕೆಲಸಗಾರರಿಗೆ ಗೊತ್ತಾಗ್ಬೇಕಿತ್ತಲ್ಲ, ಅದಕ್ಕೆ ಆ ಪದ್ಧತಿ. ಹೆಸರು ನಿಜವಾಗ್ಲೂ ಕೆಲಸ ಮಾಡಿದ್ದು ಅಲ್ಲಿ. ಅವರನ್ನ ಮೊದಲಿಗೆ ತನ್ನಿ, ಮಾಂತ್ರಿಕ ಶಕ್ತಿ ಪ್ಯಾರಾ ಪೂರ್ತಿ ತೆಗೀರಿ, ಎಸ್. ಜಾನಕಿ ಭಾಗವನ್ನ ಹಾಡು ಕೇಳಿ ಹೊಸದಾಗಿ ಬರ್ದು ಕಳಿಸಿ. ಬಂದ ದಿನವೇ ಓದ್ತೀನಿ.