ಮೇಷ್ಟ್ರನ್ನು ಕೇಳಿ: ವಿವೇಕಾನಂದರೂ ಫ್ರೀಮೇಸನ್ ಆಗಿದ್ದರಾ?

ಪ್ರಶ್ನೆ: ಮೇಷ್ಟ್ರೇ, ಮೊಬೈಲಿಗೆ ಒಂದು ಪಟ್ಟಿ ಬಂದಿದೆ. ಜಾರ್ಜ್ ವಾಷಿಂಗ್ಟನ್, ಫ್ರೆಂಚ್ ಲೇಖಕ ವಾಲ್ಟೇರ್, ಸಂಗೀತಗಾರ ಮೊಜಾರ್ಟ್, ಸ್ವಾಮಿ ವಿವೇಕಾನಂದ ಎಲ್ಲರೂ ಫ್ರೀಮೇಸನ್ ಎಂಬ ರಹಸ್ಯ ಸಂಘದವರಂತೆ. ಜಗತ್ತನ್ನು ಆಳೋದು ಅವರೇ ಅಂತೆ. ಇದರಲ್ಲಿ ಎಷ್ಟು ನಿಜ? (ಓದುಗರು, ಹಾಸನ)

ಉತ್ತರ: ಹೆಸರುಗಳು ನಿಜ. ಜಗತ್ತನ್ನು ಆಳುವ ಮಾತು ಸುಮ್ನೆ ಕಟ್ಟಿದ್ದು.

1717ರ ಜೂನ್ 24ರಂದು ಲಂಡನ್ನಿನಲ್ಲಿ, ಸೇಂಟ್ ಪಾಲ್ ಚರ್ಚಿನ ಹತ್ತಿರದ ಒಂದು ಹೆಂಡದಂಗಡಿಯಲ್ಲಿ ಫ್ರೀಮೇಸನ್ನರ ನಾಲ್ಕು ಲಾಡ್ಜ್‌ಗಳು ಸೇರಿ ಗ್ರ್ಯಾಂಡ್ ಲಾಡ್ಜ್ ಎಂಬ ಮೇಲಿನ ಸಂಸ್ಥೆ ಮಾಡಿಕೊಂಡವು. ಲಾಡ್ಜ್ ಅಂದರೆ ಇಲ್ಲಿ ಇಳಿದುಕೊಳ್ಳುವ ಜಾಗ ಅಲ್ಲ, ಸದಸ್ಯರ ಕೂಟ. ಮೇಸನ್ ಅಂದರೆ ಕಲ್ಲುಕುಟಿಗ, ಅದಕ್ಕೇ ಕೈವಾರ, ಮೂಲೆಮಟ್ಟ ಅವರ ಗುರುತು. ಒಬ್ಬರನ್ನೊಬ್ಬರು ಅಣ್ಣತಮ್ಮಂದಿರು ಅಂತ ಕರೆಯಬೇಕು. ಗುಟ್ಟಿನ ವಿಧಿ, ಗುಟ್ಟಿನ ಸನ್ನೆ ಇದ್ದದ್ದು ಹೌದು. ಆದರೆ ಸದಸ್ಯ ಅನ್ನೋದನ್ನು ಎಲ್ಲರೂ ಮುಚ್ಚಿಟ್ಟುಕೊಳ್ಳಲಿಲ್ಲ. 1793ರ ಸೆಪ್ಟೆಂಬರ್ 18ರಂದು ಅಮೆರಿಕದ ಸಂಸತ್ ಭವನಕ್ಕೆ ಅಡಿಗಲ್ಲು ಹಾಕುವಾಗ ವಾಷಿಂಗ್ಟನ್ ಮೇಸನ್ನರ ಏಪ್ರನ್ ಕಟ್ಟಿಕೊಂಡು, ಊರೆಲ್ಲ ನೋಡುವ ಹಾಗೆ ಮೆರವಣಿಗೆಯಲ್ಲೇ ಬಂದರು. ವಾಲ್ಟೇರ್ ಸೇರಿದ್ದು 1778ರ ಏಪ್ರಿಲ್‌ನಲ್ಲಿ, ಪ್ಯಾರಿಸ್ಸಿನಲ್ಲಿ, 83ನೇ ವಯಸ್ಸಿನಲ್ಲಿ. ಒಳಗೆ ಹೋಗುವಾಗ ಬೆಂಜಮಿನ್ ಫ್ರಾಂಕ್ಲಿನ್ನರ ತೋಳು ಹಿಡಿದಿದ್ದರು. ಮರುತಿಂಗಳೇ ತೀರಿಕೊಂಡರು.

ಇನ್ನು ವಿವೇಕಾನಂದರು. 1884ರ ಫೆಬ್ರವರಿ 19ರಂದು, ಕಲ್ಕತ್ತಾದ ಆಂಕರ್ ಅಂಡ್ ಹೋಪ್ ಲಾಡ್ಜ್‌ಗೆ ಸೇರಿದರು. ಆಗ ಅವರು 21 ವರ್ಷದ ನರೇಂದ್ರನಾಥ ದತ್ತ. ಸನ್ಯಾಸ ಇನ್ನೂ ದೂರ. ತಂದೆ ಅಟಾರ್ನಿ. ಅದೇ ತಿಂಗಳ ಕೊನೆಯಲ್ಲಿ ತಂದೆ ತೀರಿಹೋಗಿ ಮನೆ ಸಾಲದಲ್ಲಿ ಮುಳುಗಿತು, ಹುಡುಗ ಕೆಲಸ ಹುಡುಕಿಕೊಂಡು ಅಲೆದ. ಪಟ್ಟಿ ಮಾಡುವವರಿಗೆ ಇದ್ಯಾವುದೂ ಬೇಡ, ಹೆಸರು ಸಿಕ್ಕರೆ ಸಾಕು.

ಈ ಪಟ್ಟಿಗಳಲ್ಲಿ ಬಾರದ ಒಂದು ಹೆಸರನ್ನು ನಾನು ಹೇಳಲೇಬೇಕು: ಪ್ರಸನ್ನಕುಮಾರ ದತ್ತ. ಕಲ್ಕತ್ತಾದಲ್ಲಿ 1730ರ ಹೊತ್ತಿಗೇ ಲಾಡ್ಜ್ ಇತ್ತು. ಎಲ್ಲರೂ ಸಮಾನರು ಅನ್ನುವ ಈ ಅಣ್ಣತಮ್ಮಂದಿರು ನೂರು ವರ್ಷ ಕಳೆದರೂ ಅಲ್ಲಿ ಒಬ್ಬ ಹಿಂದುವನ್ನು ಒಳಗೆ ಬಿಟ್ಟಿರಲಿಲ್ಲ. ದತ್ತರು 1863ರಲ್ಲಿ ಅರ್ಜಿ ಹಾಕಿದರು. ಬಂಗಾಳದ ಮೇಸನ್ನರ ಮುಖ್ಯಸ್ಥರು ತಡೆದರು. ಮೇಸನ್ ಆಗಬೇಕಾದರೆ ಒಬ್ಬ ದೇವರನ್ನು ನಂಬಬೇಕು, ನಿಮಗೆ ದೇವರು ಹಲವರು, ಮೇಲೆ ಜಾತಿ ಬೇರೆ ಎಂಬ ವಾದ. ದತ್ತರು ಸುಮ್ಮನೆ ಕೂರಲಿಲ್ಲ. ನೇರವಾಗಿ ಲಂಡನ್ನಿಗೇ ಬರೆದರು. ಪಟ್ಟು ಬಿಡದೆ 9 ವರ್ಷ ಹೋರಾಡಿ 1872ರಲ್ಲಿ ಒಳಗೆ ಕಾಲಿಟ್ಟರು. 12 ವರ್ಷದ ಮೇಲೆ ನರೇಂದ್ರನಿಗೆ ಬಾಗಿಲು ಅಷ್ಟು ಸಲೀಸಾಗಿ ತೆರೆದದ್ದು ಇವರಿಂದ. ನನ್ನ ಲೆಕ್ಕದಲ್ಲಿ ವಾಷಿಂಗ್ಟನ್ನರಿಗಿಂತ ಮೊದಲು ಬರೆಯಬೇಕಾದ ಹೆಸರು ಇದು.

ಒಳಗೆ ಹೋದ ಮೇಲೂ ಎಲ್ಲ ಸರಿಹೋಯಿತು ಅನ್ನುವಂತಿಲ್ಲ. ಇಂಗ್ಲಿಷ್ ಕವಿ ರುಡ್ಯಾರ್ಡ್ ಕಿಪ್ಲಿಂಗ್ 1886ರಲ್ಲಿ ಲಾಹೋರಿನ ಲಾಡ್ಜ್‌ಗೆ ಸೇರಿದಾಗ ಅವರಿಗೆ 21 ತುಂಬಿರಲಿಲ್ಲ. ಒಳ್ಳೆಯ ಕಾರ್ಯದರ್ಶಿ ಬೇಕಿತ್ತು, ಅದಕ್ಕೇ ವಯಸ್ಸಿನಲ್ಲಿ ವಿನಾಯಿತಿ ಕೊಟ್ಟರು ಎಂದು ಅವರೇ ಹೇಳಿದ್ದಾರೆ. ಅಲ್ಲಿ ಮುಸ್ಲಿಮರು, ಹಿಂದೂಗಳು, ಸಿಖ್ಖರು ಇದ್ದರಂತೆ. ಬಾಗಿಲು ಕಾಯುತ್ತಿದ್ದ ಯಹೂದಿ ತನ್ನ ಚಿಕ್ಕ ಸಮುದಾಯಕ್ಕೆ ಪುರೋಹಿತನೂ ಹೌದು, ಕಟುಕನೂ ಹೌದು. ಹೊರಗೆ ಸಲಾಂ, ಒಳಗೆ ತಮ್ಮ. ಆದರೆ ಒಟ್ಟಿಗೆ ಕೂತು ಊಟ ಮಾಡುತ್ತಿರಲಿಲ್ಲ, ಯಾರದಾದರೂ ಜಾತಿ ಕೆಟ್ಟೀತು ಎಂದು. ಈ ಮಾತು ಅವರ ಕವಿತೆಯೊಂದರಲ್ಲೇ ಬರುತ್ತದೆ. ಅದನ್ನು ತರಗತಿಯಲ್ಲಿ ವಿವರಿಸುವಾಗೆಲ್ಲ ನನ್ನ ಗಂಟಲು ಕಟ್ಟುತ್ತಿತ್ತು.

ಪ್ರಶ್ನೆ: ಮೇಸನ್ನರ ಗುಟ್ಟನ್ನು ತನ್ನ ಒಪೆರಾದಲ್ಲಿ ಬಯಲು ಮಾಡಿದ್ದಕ್ಕೆ ಮೊಜಾರ್ಟ್‌ಗೆ ವಿಷ ಹಾಕಿದರು ಅಂತ ಓದಿದೆ. ಹೌದಾ ಸರ್? (ಓದುಗರು, ಶಿರಸಿ)

ಉತ್ತರ: ಇಲ್ಲ. ಆ ಒಪೆರಾ, ಅಂದರೆ ಹಾಡಿನ ನಾಟಕ, 'ಮ್ಯಾಜಿಕ್ ಫ್ಲೂಟ್'. 1791ರ ಸೆಪ್ಟೆಂಬರ್ 30ರಂದು ವಿಯೆನ್ನಾದಲ್ಲಿ ಮೊದಲ ಪ್ರದರ್ಶನ. ಡಿಸೆಂಬರ್ 5ಕ್ಕೆ ಮೊಜಾರ್ಟ್ ಸತ್ತರು, 35 ವರ್ಷಕ್ಕೇ. ಅನುಮಾನ ಹುಟ್ಟೋದು ಸಹಜ. ಆದರೆ ಮಾತುಗಳನ್ನು ಬರೆದವರು ಶಿಕಾನೇಡರ್, ಅವರೂ ಮೇಸನ್ನೇ. ಗುಟ್ಟು ಒಡೆದಿದ್ದರೆ ಮೊದಲ ತಪ್ಪು ಅವರದು, ಅಲ್ವಾ? ಅವರು 1812ರವರೆಗೆ ಬದುಕಿದ್ದರು.

ಇನ್ನೊಂದು. ಸಾಯುವುದಕ್ಕೆ ಮೂರು ವಾರ ಮುಂಚೆಯೂ ಇಲ್ಲ, ನವೆಂಬರ್ 18ರಂದು, ಮೊಜಾರ್ಟ್ ತಮ್ಮ ಲಾಡ್ಜ್‌ನಲ್ಲಿ ನಿಂತು ತಮ್ಮದೇ ಹೊಸ ಸಮೂಹಗಾನದ ಕೃತಿಯನ್ನು ನಡೆಸಿಕೊಟ್ಟರು. ಪೂರ್ತಿ ಮಾಡಿದ ಕೊನೆಯ ಕೃತಿ ಅದೇ. ಅವರು ಹೋದ ಮೇಲೆ ಲಾಡ್ಜಿನವರು ಅದೇ ಕೃತಿಯನ್ನು ಅಚ್ಚು ಹಾಕಿಸಿ, ಬಂದ ಹಣವನ್ನು ಹೆಂಡತಿ ಮಕ್ಕಳಿಗೆ ಅಂತ ಎತ್ತಿಟ್ಟರು. ಬದುಕಿದ್ದಾಗ ಕೈ ಹಿಡಿದವರೂ ಅಲ್ಲಿನವರೇ. ಬಟ್ಟೆ ವ್ಯಾಪಾರಿ ಪುಖ್‌ಬರ್ಗ್ ಅವರಿಗೆ ಮೊಜಾರ್ಟ್ ಸಾಲ ಕೇಳಿ ಬರೆದ ಕಾಗದಗಳು ಇಂದಿಗೂ ಉಳಿದಿವೆ. ಒಂದೊಂದರಲ್ಲೂ "ಅಣ್ಣಾ" ಅನ್ನುವ ಧಾಟಿ, ಮೇಲಿಂದ ಮೇಲೆ ನಾಚಿಕೆ. ಪುಖ್‌ಬರ್ಗ್ ಕೇಳಿದಷ್ಟು ಕೊಡಲಿಲ್ಲ, ಆದರೆ ಬಹಳ ಸಲ ಒಂದಿಷ್ಟು ಕಳಿಸಿದರು. ಲಾಡ್ಜ್ ಅಂದರೆ ಮೊಜಾರ್ಟ್‌ಗೆ ಇದಾಗಿತ್ತು.

ಪ್ರಶ್ನೆ: ಹೆಂಗಸರು ಸೇರಬಹುದಾ? (ಓದುಗರು, ಧಾರವಾಡ)

ಉತ್ತರ: ಹಳೆಯ ಲಾಡ್ಜ್‌ಗಳಲ್ಲಿ ಇಲ್ಲ. 1961ರಲ್ಲಿ ಶುರುವಾದ ನಮ್ಮ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾದಲ್ಲೂ ಗಂಡಸರು ಮಾತ್ರ. ಆದರೆ ಗಂಡು ಹೆಣ್ಣು ಇಬ್ಬರನ್ನೂ ಸೇರಿಸಿಕೊಳ್ಳುವ ಬೇರೊಂದು ಶಾಖೆ ಫ್ರಾನ್ಸಿನಲ್ಲಿ ಹುಟ್ಟಿತ್ತು. ಅನಿ ಬೆಸೆಂಟ್ 1902ರಲ್ಲಿ ಪ್ಯಾರಿಸ್ಸಿಗೆ ಹೋಗಿ ಅದಕ್ಕೆ ಸೇರಿದರು, ಅದೇ ವರ್ಷ ಲಂಡನ್ನಿನಲ್ಲೂ ಲಾಡ್ಜ್ ತೆರೆದರು.