ಲಡಾಖ್‌ನ ಲೇಹ್‌ನಲ್ಲಿ ಇಳಿದ ದಿನವೇ ನಿಮ್ಮ ತಂದೆಯವರ ಬಿಪಿ (ಮೇಲಿನ ಅಂಕಿ) 155 ಆಗಿದೆ, ಯಾಕೆ, ಏನು ಮಾಡಲಿ ಅಂತ ಕೇಳಿದ್ದೀರಿ.
ಬೆಂಗಳೂರಲ್ಲಿ 130 ಇದ್ದ ಬಿಪಿ ಅಲ್ಲಿ 155 ಆಗಿದ್ದಕ್ಕೆ ಬಹುಶಃ ಆಕ್ಸಿಜನ್ ಕಮ್ಮಿಯಿರುವುದೇ ಕಾರಣ. ಲೇಹ್ ಸುಮಾರು 3,500 ಮೀಟರ್ ಎತ್ತರ ಅಲ್ವಾ, ಕೊರತೆ ತುಂಬಲು ಹೃದಯ ಜೋರಾಗಿ ಬಡಿಯುತ್ತದೆ, ರಕ್ತನಾಳಗಳೂ ಬಿಗಿಯಾಗುತ್ತವೆ.

ಮೊದಲು ಎರಡು ದಿನ ರೂಮಲ್ಲೇ ಸುಮ್ನೆ ಇರಲಿ. ಐದು ನಿಮಿಷ ಕೂತ ಮೇಲೆ ಬಿಪಿ ನೋಡಿ, ಬರೆದಿಡಿ. ನಮ್ಮಮ್ಮನಿಗೆ ಹೋಟೆಲ್ ಮೆಟ್ಟಿಲು ಹತ್ತಿದ ಕೂಡಲೇ ಅಳೆದು ನಾವೇ ಗಾಬರಿಯಾಗಿದ್ದೆವು! ಮಾತ್ರೆ ಬಿಡಬೇಡಿ, ನೀವಾಗೇ ಜಾಸ್ತಿಯೂ ಮಾಡಬೇಡಿ. ಅವರ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಕೇಳಿ. ಎಷ್ಟು ದಿನಕ್ಕೆ ಇಳಿಯುತ್ತದೆ ಎನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಅಲ್ಲೀತನಕ ಇನ್ನೂ ಎತ್ತರದಲ್ಲಿರುವ ಖರ್ದುಂಗ್ ಲಾ ಘಾಟಿಗೆ ಹೋಗುವುದು ಬೇಡ.

ಎದೆನೋವು, ಕೂತಲ್ಲೇ ಏದುಸಿರು, ತೂರಾಡುವ ನಡಿಗೆ ಕಂಡರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.